ಶಾಲೆಗೂ ಒಂದು ಪರೀಕ್ಷೆ

ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಮಧ್ಯಮವರ್ಗದ ಮನೆಗಳ ಹವೆಯೇ ಬದಲಾಗಿಬಿಡುತ್ತದೆ. ಟೆಲಿವಿಷನ್ನಿನ ಸದ್ದು ಅಡಗುತ್ತದೆ. ಬಂದ ನೆಂಟರು ಬೇಗ ಹೊರಡುತ್ತಾರೆ. ಅಡಿಗೆಮನೆಯಲ್ಲಿ ಪಾತ್ರೆ ಕೆಳಗೆ ಬಿದ್ದರೂ ಅಪರಾಧವಾಗುತ್ತದೆ. ಫಲಿತಾಂಶ ಬಂದ ದಿನವಂತೂ ಕೇಳಬೇಕಾಗಿಲ್ಲ. ತಂದೆ, ತಾಯಿ, ಸೋದರಮಾವ, ಎದುರುಮನೆಯವರು, ಕೊನೆಗೆ ಹಾಲಿನವನೂ ಹುಡುಗನನ್ನು ಪರೀಕ್ಷಿಸಿಯೇ ತೀರುತ್ತಾರೆ. ಒಬ್ಬ ಹುಡುಗನಿಗೆ ಇಷ್ಟು ಮಂದಿ ಪರೀಕ್ಷಕರಿರುವಾಗ, ಆ ಹುಡುಗ ಹತ್ತು ವರ್ಷ ಕಳೆದ ಶಾಲೆಯನ್ನು ಪರೀಕ್ಷಿಸುವವರು ಯಾರು? ಈ ಪ್ರಶ್ನೆ ನಮ್ಮಲ್ಲಿ ಅನೇಕರಿಗೆ ಹೊಳೆದೇ ಇರಲಾರದು. ನನಗೂ ಹೊಳೆದಿರಲಿಲ್ಲ.

ಅದು ಹೊಳೆದದ್ದು ಹಾಸನ ಜಿಲ್ಲೆಯ ಆಲೂರಿನಿಂದ ಸಕಲೇಶಪುರದ ಕಡೆಗೆ ಏರುವ ಗುಡ್ಡಗಳ ನಡುವಣ ಒಂದು ಪ್ರೌಢಶಾಲೆಯಲ್ಲಿ. ಶಾಲೆಯನ್ನು ನಡೆಸುವವರು ಕಥೋಲಿಕ ಕನ್ಯಾಸ್ತ್ರೀಯರು. ಓದುವ ಮಕ್ಕಳಲ್ಲಿ ಬೇರೆ ಮತದವರೇ ಹೆಚ್ಚು. ಶಾಲೆಯ ಹೆಸರನ್ನು ನಾನು ಹೇಳುವುದಿಲ್ಲ. ಏಕೆಂದರೆ ಅಲ್ಲಿ ನಡೆದ ಮಾತು ಆ ಸೀಮೆಯ ಯಾವ ಶಾಲೆಗಾದರೂ ಒಪ್ಪುವಂಥದು. ಮುಖ್ಯೋಪಾಧ್ಯಾಯಿನಿಯವರು ನನಗೆ ಹಳಬರ ಪರಿಚಯ. "ನಮ್ಮ ಶಾಲೆಯ ಆತ್ಮಪರಿಶೀಲನೆಯ ಸಭೆ ಇದೆ. ಮುಂದಿನ ಐದು ವರ್ಷದ ಯೋಜನೆಯನ್ನೂ ಬರೆಯಬೇಕು. ಹೊರಗಿನವರೊಬ್ಬರು ಕುಳಿತಿದ್ದರೆ ನಾವು ಸ್ವಲ್ಪ ಸತ್ಯ ಹೇಳುತ್ತೇವೆ, ಬನ್ನಿ" ಎಂದು ಕರೆದರು. ಈ ಕೊನೆಯ ವಾಕ್ಯಕ್ಕೆ ಸೋತು ನಾನು ಹೋದೆ.

ಸಭೆಯಲ್ಲಿ ಹತ್ತು ಹನ್ನೆರಡು ಮಂದಿ ಇದ್ದರು. ಉಪಾಧ್ಯಾಯರು, ಸಿಸ್ಟರುಗಳು, ಲೆಕ್ಕಪತ್ರ ನೋಡುವವರು, ಪೋಷಕರ ಪರವಾಗಿ ಕಾಫಿ ತೋಟದ ಗೌಡರೊಬ್ಬರು, ಮತ್ತು ಮೂಲೆಯ ಕುರ್ಚಿಯ ತುದಿಯಲ್ಲಿ ಸಂಕೋಚದಿಂದ ಕುಳಿತಿದ್ದ, ಎಸ್ಟೇಟಿನ ಲೈನುಮನೆಯಿಂದ ಬಂದ ಒಬ್ಬ ತಾಯಿ. ಎಲ್ಲರ ಮುಂದೆಯೂ ಒಂದೊಂದು ಪ್ರಶ್ನಾವಳಿ.

ಈ ಪ್ರಶ್ನಾವಳಿಯ ವಿಷಯವನ್ನು ವಾಚಕರಿಗೆ ಸ್ವಲ್ಪ ತಿಳಿಸಬೇಕು. ಶಾಲೆಗಳು ತಮ್ಮನ್ನು ತಾವೇ ಅಳೆದುಕೊಳ್ಳಲೆಂದು 2015ರಲ್ಲಿ 'ಶಾಲಾ ಸಿದ್ಧಿ' ಎಂಬ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಅದರಲ್ಲಿ 7 ಕ್ಷೇತ್ರಗಳು. ಅವುಗಳ ಒಳಗೆ 46 ಮಾನದಂಡಗಳು. ಕಟ್ಟಡ, ನೀರು, ಪುಸ್ತಕ ಮುಂತಾದ ಸಂಪನ್ಮೂಲಗಳು ಒಂದು ಕ್ಷೇತ್ರ. ಬೋಧನೆ ಮತ್ತು ಮೌಲ್ಯಮಾಪನ ಇನ್ನೊಂದು. ಮಕ್ಕಳ ಪ್ರಗತಿ, ಉಪಾಧ್ಯಾಯರ ಬೆಳವಣಿಗೆ, ಶಾಲೆಯ ನಾಯಕತ್ವ, ಎಲ್ಲರನ್ನೂ ಒಳಗೊಳ್ಳುವಿಕೆ ಹಾಗೂ ಆರೋಗ್ಯ ಮತ್ತು ಸುರಕ್ಷತೆ, ಊರಿನವರ ಸಹಭಾಗಿತ್ವ ಇವು ಉಳಿದವು. ಪ್ರತಿಯೊಂದು ಮಾನದಂಡದಲ್ಲಿಯೂ ತಾನು ಮೂರು ಹಂತಗಳಲ್ಲಿ ಯಾವುದರಲ್ಲಿದ್ದೇನೆಂದು ಶಾಲೆಯೇ ಬರೆದುಕೊಳ್ಳಬೇಕು. ಅದರ ಆಧಾರದ ಮೇಲೆ ಸುಧಾರಣೆಯ ಯೋಜನೆಯನ್ನೂ ತಾನೇ ಸಿದ್ಧಪಡಿಸಬೇಕು. ಸಂಪನ್ಮೂಲಗಳ ವಿಷಯದಲ್ಲಿ ಅದು ಕೇಳುವುದು 'ಇದೆಯೆ?' ಎಂದು ಮಾತ್ರವಲ್ಲ, 'ಸಾಕಷ್ಟಿದೆಯೆ? ಬಳಕೆಗೆ ಬರುತ್ತಿದೆಯೆ?' ಎಂದೂ ಕೇಳುತ್ತದೆ. ಗ್ರಂಥಾಲಯ ಇರುವುದು ಒಂದು ಮಾತು. ಅದರ ಬೀಗ ತೆಗೆದಿರುವುದು ಇನ್ನೊಂದು ಮಾತು.

ತನ್ನ ಉತ್ತರ ಪತ್ರಿಕೆಗೆ ತಾನೇ ಅಂಕ ಕೊಡುವ ಅಧಿಕಾರ ಸಿಕ್ಕಿದರೆ ಯಾರು ತಾನೆ ಕಡಿಮೆ ಕೊಟ್ಟುಕೊಂಡಾರು? ಮೊದಲ ಅರ್ಧ ಗಂಟೆ ಸಭೆ ಬಹು ಸುಗಮವಾಗಿ ನಡೆಯಿತು. ಕಟ್ಟಡ, ಮೂರನೆಯ ಹಂತ. ಶೌಚಾಲಯ, ಮೂರನೆಯ ಹಂತ. ಶಿಸ್ತು, ಮೂರಕ್ಕಿಂತ ಮೇಲೆ ಹಂತವಿಲ್ಲವಲ್ಲ ಎಂಬ ಖೇದ! ಆಗ ಮುಖ್ಯೋಪಾಧ್ಯಾಯಿನಿಯವರು ಲೇಖನಿಯನ್ನು ಕೆಳಗಿಟ್ಟರು.

"ನಮ್ಮ ಮಠದಲ್ಲಿ ರಾತ್ರಿ ಮಲಗುವ ಮುನ್ನ ಒಂದು ಅಭ್ಯಾಸವಿದೆ. ಬೆಳಗಿನಿಂದ ನಡೆದುದನ್ನೆಲ್ಲ ಒಂದೊಂದಾಗಿ ನೆನೆಯಬೇಕು. ಮೊದಲು ಕೃತಜ್ಞತೆ, ಆಮೇಲೆ ತಪ್ಪು, ಕೊನೆಗೆ ನಾಳೆ ಏನು ಮಾಡುತ್ತೇನೆಂಬ ಸಂಕಲ್ಪ. ಅಲ್ಲಿ ನಾನು ನನಗೆ ಮೂರನೆಯ ಹಂತ ಕೊಟ್ಟುಕೊಂಡರೆ ಪ್ರಾರ್ಥನೆ ಅಲ್ಲಿಗೇ ಮುಗಿಯಿತು. ಇಲ್ಲಿಯೂ ಹಾಗೆಯೇ ಅಲ್ಲವೆ?" ಎಂದರು.

ಈ ಅಭ್ಯಾಸ ಬಹಳ ಹಳೆಯದು. ಯೇಸು ಸಭೆಯ ಸ್ಥಾಪಕರಾದ ಸಂತ ಇಗ್ನೇಷಿಯಸ್ ಲೊಯೋಲಾ 16ನೆಯ ಶತಮಾನದಲ್ಲಿಯೇ ತಮ್ಮವರಿಗೆ ದಿನಕ್ಕೆ ಎರಡು ಬಾರಿ ಇಂಥ ಆತ್ಮಶೋಧನೆಯನ್ನು ವಿಧಿಸಿದ್ದರು. ಅವರ ಕ್ರಮದಲ್ಲಿ ಒಂದು ಸೂಕ್ಷ್ಮವಿದೆ. ಹಿಂದಿನದನ್ನು ನೋಡುವುದೂ ಮುಂದಿನದನ್ನು ಗೊತ್ತುಮಾಡುವುದೂ ಅಲ್ಲಿ ಬೇರೆ ಬೇರೆ ಕೆಲಸಗಳಲ್ಲ. ತಪ್ಪನ್ನು ಕಂಡ ಕಣ್ಣೇ ನಾಳೆಯ ದಾರಿಯನ್ನೂ ಕಾಣಬೇಕು. ಇಂದಿನ ಭಾಷೆಯಲ್ಲಿ ಮೌಲ್ಯಮಾಪನ ಮತ್ತು ಕಾರ್ಯಯೋಜನೆ ಎಂದು ಎರಡು ಕಡತಗಳನ್ನು ಮಾಡಿ ಎರಡು ಬೀರುಗಳಲ್ಲಿ ಇಡುತ್ತೇವೆ. ಒಂದಕ್ಕೆ ಇನ್ನೊಂದರ ಮುಖ ಪರಿಚಯವಿರುವುದಿಲ್ಲ.

ಸಭೆ ಮತ್ತೆ ಆರಂಭವಾಯಿತು. ಈ ಬಾರಿ ಮೊದಲು ಬಂದದ್ದು ಫಲಿತಾಂಶದ ಮಾತು. ಅದರಲ್ಲಿ ಹಾಸನದವರಿಗೆ ಒಂದು ಹೆಮ್ಮೆ ಇದೆ, ಇರತಕ್ಕದ್ದೇ. 2019ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ರಾಜ್ಯದ ಒಟ್ಟು ಫಲಿತಾಂಶ ಶೇಕಡಾ 73.70 ಇದ್ದಾಗ ಹಾಸನ ಜಿಲ್ಲೆ ಶೇಕಡಾ 89.33 ಗಳಿಸಿ ಮೊದಲನೆಯ ಸ್ಥಾನಕ್ಕೆ ಬಂದಿತ್ತು. ಆದರೆ ಈ ಶೇಕಡಾವಾರು ಎಂಬುದು ಬಲು ಚಂಚಲವಾದ ವಸ್ತು. 2023ರಲ್ಲಿ ರಾಜ್ಯದ ಫಲಿತಾಂಶ 83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ನೇರವಾಗಿ ನೋಡುವ ಏರ್ಪಾಡಾಯಿತು. ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದರೂ ಫಲಿತಾಂಶ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಅಷ್ಟು ಇಳಿದಿರಲಾರದು. ಬದಲಾದದ್ದು ಅಳೆಯುವ ರೀತಿ.

ಕನ್ನಡ ಮೇಷ್ಟರು ಇನ್ನೊಂದು ಮಾತು ಸೇರಿಸಿದರು. "ಶೇಕಡಾ ನೂರು ಬಂದರೂ ಅದು ಪರೀಕ್ಷೆಗೆ ಕುಳಿತವರ ನೂರು. ಎಂಟನೆಯ ತರಗತಿಗೆ ಸೇರಿದವರ ನೂರಲ್ಲ. ನಡುವೆ ಇಳಿದುಹೋದ ಮಕ್ಕಳು ಯಾವ ಫಲಕದಲ್ಲಿಯೂ ಇಲ್ಲ" ಎಂದು ಅವರು ಹಾಜರಿ ಪುಸ್ತಕವನ್ನು ಮೇಜಿನ ಮೇಲಿಟ್ಟರು.

ಹಾಜರಿ ಪುಸ್ತಕವನ್ನು ನಾವು ಹೆಸರು ಕೂಗುವ ಸಾಧನವೆಂದು ತಿಳಿದಿದ್ದೇವೆ. ಓದಲು ಬಲ್ಲವರಿಗೆ ಅದು ಒಂದು ಊರಿನ ಇತಿಹಾಸ. ಜೂನ್, ಜುಲೈ, ಆಗಸ್ಟ್ ತಿಂಗಳ ಪುಟಗಳಲ್ಲಿ ಮಳೆಯ ಗುರುತು ಇತ್ತು. ಘಟ್ಟದ ಅಂಚಿನ ಈ ಸೀಮೆಯಲ್ಲಿ ಮಳೆ ಹಿಡಿಯಿತೆಂದರೆ ಹಳ್ಳ ತುಂಬುತ್ತದೆ, ಮರ ಉರುಳುತ್ತದೆ, ಗುಡ್ಡ ಜರಿಯುತ್ತದೆ. ಶಾಲೆಗೆ ರಜೆ ಘೋಷಣೆಯಾಗುತ್ತದೆ. ಅದು ಎಲ್ಲರಿಗೂ ಸಮಾನವಾದ ನಷ್ಟ. ಆದರೆ ಡಿಸೆಂಬರಿನಿಂದ ಮುಂದಿನ ಪುಟಗಳ ಕಥೆ ಬೇರೆ. ಅಲ್ಲಿ ಕೆಲವು ಹೆಸರುಗಳ ಮುಂದೆ ಮಾತ್ರ ಗೈರುಹಾಜರಿಯ ಗುರುತು ಸಾಲುಗಟ್ಟಿತ್ತು. ಆ ಹೆಸರುಗಳೆಲ್ಲ ಲೈನುಮನೆಗಳವು.

ಕಾರಣ ಊಹಿಸುವುದು ಕಷ್ಟವಲ್ಲ. ಅರೇಬಿಕಾ ಕಾಫಿಯ ಹಣ್ಣು ನವೆಂಬರಿನಿಂದ ಜನವರಿಯವರೆಗೆ ಕೊಯ್ಲಿಗೆ ಬರುತ್ತದೆ; ಅದರ ಬೆನ್ನಿಗೇ ರೊಬಸ್ಟಾ, ಜನವರಿಯಿಂದ ಮಾರ್ಚಿಯವರೆಗೆ. ಕೊಯ್ದ ಹಣ್ಣಿನ ತೂಕದ ಮೇಲೆ ಕೂಲಿ. ವರ್ಷದಲ್ಲಿ ನಾಲ್ಕು ಕಾಸು ಹೆಚ್ಚು ಕಾಣುವ ಕಾಲವೇ ಅದು. ಅಪ್ಪ ಅಮ್ಮ ಇಬ್ಬರೂ ನಸುಕಿನಲ್ಲಿಯೇ ತೋಟಕ್ಕೆ ಹೋದರೆ ತೊಟ್ಟಿಲ ಮಗುವನ್ನು ನೋಡಿಕೊಳ್ಳುವವರು ಯಾರು? ಹದಿನಾಲ್ಕರ ಅಕ್ಕ. ಪೇಟೆಯ ಹುಡುಗಿ ಮನೆಪಾಠಕ್ಕೆ ಹೋಗುವ ತಿಂಗಳುಗಳಲ್ಲಿಯೇ ಈ ಹುಡುಗಿ ಶಾಲೆ ತಪ್ಪಿಸಿಕೊಳ್ಳುತ್ತಾಳೆ. ಪರೀಕ್ಷೆ ಮಾತ್ರ ಇಬ್ಬರಿಗೂ ಒಂದೇ ದಿನ.

ಮೂಲೆಯಲ್ಲಿದ್ದ ಆ ತಾಯಿ ಆಗ ಮೊದಲ ಸಲ ಬಾಯಿ ಬಿಟ್ಟರು. "ಹಣ್ಣಿನ ಕೆಲಸ ಒಂದೇ ಅಲ್ಲ ಸಿಸ್ಟರಮ್ಮ. ಸಂಜೆ ಸ್ಪೆಷಲ್ ಕ್ಲಾಸ್ ಅಂತ ಇಟ್ಕೋತೀರ. ಬಿಡೋ ಹೊತ್ತಿಗೆ ಕತ್ತಲು. ಬಸ್ಸಿಳಿದು ತೋಟದ ದಾರೀಲಿ ನಡೀಬೇಕು. ಆನೆ ಇರೋ ದಿನ ನಾನು ಹುಡುಗೀನ ಹೆಂಗೆ ಕಳಿಸ್ಲಿ?"

ಬೆಂಗಳೂರಿನಲ್ಲಿ ಕುಳಿತು ಓದುವವರಿಗೆ ಇದು ನೆವದಂತೆ ಕಾಣಬಹುದು. ಆಲೂರು ಮತ್ತು ಸಕಲೇಶಪುರದವರಿಗೆ ಹಾಗಲ್ಲ. ಕಾಡಿನ ತುಂಡುಗಳ ನಡುವೆ ತೋಟ, ಗದ್ದೆ, ಶುಂಠಿಯ ಹೊಲ ಹೆಣೆದುಕೊಂಡಿರುವ ಈ ಸೀಮೆಯಲ್ಲಿ ಆನೆಗಳ ಸಮಸ್ಯೆ ಎಷ್ಟು ತೀವ್ರವಾಯಿತೆಂದರೆ, ಹೈಕೋರ್ಟು ನೇಮಿಸಿದ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟ ಬಳಿಕ, 2014ರಲ್ಲಿ ಇಲ್ಲಿಂದ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ಸಮಸ್ಯೆ ಅದರಿಂದ ತೀರಲಿಲ್ಲ. ಮೈಸೂರು ದಸರೆಯಲ್ಲಿ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಪ್ರಾಣ ಬಿಟ್ಟದ್ದು ಸಕಲೇಶಪುರ ತಾಲ್ಲೂಕಿನಲ್ಲಿಯೇ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ. ಅಂಥ ಗಜರಾಜನೇ ಸೋತ ದಾರಿಯಲ್ಲಿ ಚೀಲ ಹೊತ್ತ ಹುಡುಗಿ ಕತ್ತಲೆಯಲ್ಲಿ ನಡೆದು ಬರಬೇಕೆಂದು ಯಾವ ವೇಳಾಪಟ್ಟಿ ಹೇಳಬಲ್ಲದು?

ಸುರಕ್ಷತೆಯ ಅಂಕಣದಲ್ಲಿ ಶಾಲೆ ಆಗಲೇ ಮೂರನೆಯ ಹಂತವೆಂದು ಬರೆದುಕೊಂಡಿತ್ತು. ಬೇಲಿ ಇದೆ, ಕಾವಲುಗಾರನಿದ್ದಾನೆ, ಬೆಂಕಿ ಆರಿಸುವ ಉಪಕರಣವಿದೆ. ಎಲ್ಲವೂ ಗೇಟಿನ ಒಳಗೆ. ಮುಖ್ಯೋಪಾಧ್ಯಾಯಿನಿಯವರು ಏನೂ ಹೇಳದೆ ಆ ಮೂರನ್ನು ಹೊಡೆದುಹಾಕಿ ಒಂದು ಎಂದು ಬರೆದರು. ಅಂದು ನಾನು ಕಂಡ ಅತ್ಯಂತ ಧೈರ್ಯದ ಕೆಲಸ ಅದೇ.

ಮಧ್ಯಾಹ್ನದ ಮೇಲೆ ಐದು ವರ್ಷದ ಯೋಜನೆಯ ಚರ್ಚೆ. ಅಲ್ಲಿ ನಿಜವಾದ ಕಾವು ಏರಿತು. ಶಾಲೆಯಲ್ಲಿ ಕನ್ನಡ ಮಾಧ್ಯಮದ ವಿಭಾಗ ಒಂದು, ಇಂಗ್ಲಿಷಿನದು ಒಂದು. ಕನ್ನಡದ ವಿಭಾಗದಲ್ಲಿ ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ನಿವೃತ್ತರಾದ ಉಪಾಧ್ಯಾಯರ ಜಾಗ ತುಂಬಿಲ್ಲ. ಆ ವಿಭಾಗವನ್ನು ಮುಚ್ಚಿ, ಕೊಠಡಿಗಳನ್ನು ಸೇರಿಸಿ, ಕೇಂದ್ರ ಪಠ್ಯಕ್ರಮವನ್ನು ತಂದರೆ ಹಾಸನದವರೆಗೆ ಮಕ್ಕಳನ್ನು ಕಳುಹಿಸುತ್ತಿರುವ ತೋಟದ ಮಾಲೀಕರು ಇಲ್ಲಿಗೇ ಸೇರಿಸುತ್ತಾರೆ ಎಂಬುದು ಒಂದು ಸೂಚನೆ. ಲೆಕ್ಕದವರು ಅದನ್ನು ಅಂಕಿಗಳಿಂದ ಸಮರ್ಥಿಸಿದರು. ಅವರನ್ನು ಕಟುಕರೆಂದು ತಿಳಿಯಬಾರದು. "ಫೀಜು ಬಾರದಿದ್ದರೆ ಸಂಬಳ ಹೇಗೆ ಕೊಡೋಣ ಸಿಸ್ಟರ್? ಸಂಬಳವಿಲ್ಲದಿದ್ದರೆ ಒಳ್ಳೆಯ ಮೇಷ್ಟರು ಈ ಗುಡ್ಡ ಹತ್ತಿ ಬರುತ್ತಾರೆಯೆ?" ಎಂಬ ಅವರ ಪ್ರಶ್ನೆಗೆ ಭಾವಾವೇಶದಿಂದ ಉತ್ತರ ಕೊಡಲು ಆಗುವುದಿಲ್ಲ.

ಕಾನೂನು ಈ ಸೂಚನೆಗೆ ಅಡ್ಡ ಬರುವುದಿಲ್ಲವೆಂಬುದನ್ನೂ ಗಮನಿಸಬೇಕು. ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಸಂವಿಧಾನದ 30ನೆಯ ಅನುಚ್ಛೇದ ಕೊಟ್ಟಿದೆ. 2014ರ ಮೇ 6ರಂದು ಸುಪ್ರೀಂ ಕೋರ್ಟು ಎರಡು ತೀರ್ಪುಗಳನ್ನಿತ್ತಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನೇ ಮಾಧ್ಯಮವಾಗಿಸಬೇಕೆಂದು ಸರ್ಕಾರ ಬಲವಂತ ಮಾಡಲಾಗದೆಂಬುದು ಒಂದು. ಅದು ನಮ್ಮ ಕರ್ನಾಟಕದ್ದೇ ಮೊಕದ್ದಮೆ. ಶಿಕ್ಷಣದ ಹಕ್ಕಿನ ಕಾಯಿದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದೆಂಬುದು ಇನ್ನೊಂದು. ಇದನ್ನು ಮತ್ತೆ ಪರಿಶೀಲಿಸಬೇಕೆಂದು ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠ 2025ರಲ್ಲಿ ಅಭಿಪ್ರಾಯಪಟ್ಟಿತು. ಅಲ್ಲದೆ ಆ ಕಾಯಿದೆಯ ರಕ್ಷಣೆ 14 ವರ್ಷದ ತನಕ ಮಾತ್ರ. ಒಂಬತ್ತನೆಯ ತರಗತಿಯಲ್ಲಿ ಹುಡುಗಿ ಶಾಲೆ ಬಿಟ್ಟರೆ ಆ ಕಾಯಿದೆ ಅವಳನ್ನು ಹುಡುಕಿಕೊಂಡು ಬರುವುದಿಲ್ಲ.

ಕಾನೂನು ಕೇಳದ ಪ್ರಶ್ನೆಯನ್ನು ಯಾರು ಕೇಳಬೇಕು? ಶಾಲೆಯೇ ಕೇಳಿಕೊಳ್ಳಬೇಕು. ಆತ್ಮಪರಿಶೀಲನೆಯ ಅರ್ಥವೇ ಇದು. ಕಥೋಲಿಕ ಶಾಲೆಗಳಿಗಂತೂ ಇದನ್ನು ಅವರವರೇ ನೆನಪು ಮಾಡಿಕೊಟ್ಟಿದ್ದಾರೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಶಿಕ್ಷಣ ಘೋಷಣೆಯಲ್ಲಿ ಬಡವರ, ಕುಟುಂಬದ ಆಸರೆಯಿಲ್ಲದವರ ಮತ್ತು ತಮ್ಮ ಮತಕ್ಕೆ ಸೇರದವರ ಬಗ್ಗೆ ವಿಶೇಷ ಕಾಳಜಿ ಇರಬೇಕೆಂಬ ಮಾತಿದೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಲಿ 2007ರಲ್ಲಿ ಪ್ರಕಟಿಸಿದ ಶಿಕ್ಷಣ ನೀತಿಯೂ ಬಡವರಿಗೆ ಆದ್ಯತೆ ಕೊಡುತ್ತದೆ. ಹಾಸನ ಜಿಲ್ಲೆ ಸೇರಿರುವ ಚಿಕ್ಕಮಗಳೂರು ಧರ್ಮಪ್ರಾಂತ ಸ್ಥಾಪನೆಯಾದದ್ದು 1963ರಲ್ಲಿ, ಆ ಘೋಷಣೆಗೆ ಎರಡೇ ವರ್ಷ ಮುಂಚೆ. ಕಾಗದದ ಮೇಲೆ ಮಾತು ಸ್ಪಷ್ಟವಾಗಿಯೇ ಇದೆ. ಅದನ್ನು ವೇಳಾಪಟ್ಟಿಗೆ ಇಳಿಸುವುದೇ ಕಷ್ಟ.

ಗೌಡರು ಇಷ್ಟು ಹೊತ್ತೂ ಸುಮ್ಮನಿದ್ದರು. ಅವರು ಇಂಗ್ಲಿಷ್ ವಿಭಾಗದ ಪೋಷಕರು. ಹೊಸ ಸೂಚನೆಯಿಂದ ಲಾಭ ಪಡೆಯುವವರು. ಅವರು ಹೇಳಿದ್ದು ಇಷ್ಟು: "ನಮ್ಮ ತೋಟದಲ್ಲಿ ಕಾಂಡಕೊರಕ ಹುಳು ಬರ್ತದೆ. ಗಿಡ ಮೇಲೆ ಹಸುರಾಗಿಯೇ ಇರ್ತದೆ. ಒಳಗೆ ಕಾಂಡ ಟೊಳ್ಳಾಗಿರ್ತದೆ. ದಾರಿಯಲ್ಲಿ ನಿಂತು ನೋಡಿದರೆ ಗೊತ್ತಾಗೋದಿಲ್ಲ. ಒಂದೊಂದು ಗಿಡದ ಹತ್ತಿರವೂ ಬಗ್ಗಿ, ಕಾಂಡ ಮುಟ್ಟಿ ನೋಡಬೇಕು. ಬಿಟ್ಟರೆ ಪಕ್ಕದ ಗಿಡಕ್ಕೂ ಹತ್ತುತ್ತೆ. ಈ ಮಕ್ಕಳು ಇಳಿದುಹೋದರೆ ನಾಳೆ ನನ್ನ ಮಗನ ಶಾಲೆ ಬರೀ ಫೀಜು ಕಟ್ಟೋರ ಶಾಲೆ ಆಗ್ತದೆ. ಅದು ಅವನಿಗೂ ಒಳ್ಳೇದಲ್ಲ. ಇನ್ನೊಂದು ಮಾತು, ಕೊಯ್ಲಿನ ಕಾಲದಲ್ಲಿ ಆ ಹುಡುಗಿ ಮನೇಲಿ ಉಳಿಯೋದಕ್ಕೆ ನಮ್ಮ ತೋಟವೂ ಕಾರಣವೇ. ಕೂಸುಗಳನ್ನ ನೋಡಿಕೊಳ್ಳೋಕೆ ಒಬ್ಬಳನ್ನ ಇಡೋದು ನಮ್ಮ ಕೈಲಾಗದ ಕೆಲಸವಲ್ಲ."

ಅಲ್ಲಿಂದ ಯೋಜನೆಯ ರೂಪವೇ ಬದಲಾಯಿತು. ಮೊದಲು ಸಿದ್ಧವಾಗಿದ್ದ ಕರಡಿನಲ್ಲಿ 'ಉತ್ಕೃಷ್ಟತೆ', 'ಸರ್ವಾಂಗೀಣ ವಿಕಾಸ' ಮುಂತಾದ ದೊಡ್ಡ ಮಾತುಗಳು ಬಹಳವಿದ್ದವು. ಈಗ ಅವರು ಪ್ರತಿ ಸಾಲಿಗೂ ನಾಲ್ಕು ಪ್ರಶ್ನೆ ಹಾಕಿಕೊಂಡರು: ಯಾರು ಮಾಡುತ್ತಾರೆ? ಎಂದಿನೊಳಗೆ? ಎಷ್ಟು ಖರ್ಚಿನಲ್ಲಿ? ಆಯಿತೆಂದು ಹೇಗೆ ತಿಳಿಯುತ್ತದೆ? ಉತ್ತರವಿಲ್ಲದ ಸಾಲುಗಳೆಲ್ಲ ಬಿದ್ದುಹೋದವು. ಉಳಿದವುಗಳಲ್ಲಿ ಮೂರನ್ನು ಇಲ್ಲಿ ಹೇಳುತ್ತೇನೆ.

ಒಂದು, ವಿಶೇಷ ತರಗತಿಗಳನ್ನು ಸಂಜೆಯಿಂದ ಬೆಳಗಿನ ಶಾಲಾ ಅವಧಿಯೊಳಕ್ಕೆ ತರುವುದು. ಪರೀಕ್ಷೆಯ ಹೊರೆಯನ್ನು ಕೊಯ್ಲು ಬಿರುಸಾಗುವ ಮುನ್ನ, ಮಳೆ ಬಿಟ್ಟ ತಿಂಗಳುಗಳಲ್ಲಿಯೇ ಹೊರಿಸುವುದು. ಎರಡು, ತೋಟದ ಮಾಲೀಕರೊಡನೆ ಮಾತಾಡಿ ಕೊಯ್ಲಿನ ಕಾಲಕ್ಕೆ ಶಿಶುಗಳನ್ನು ನೋಡಿಕೊಳ್ಳುವ ಏರ್ಪಾಡು ಮಾಡಿಸುವುದು. ಗೈರುಹಾಜರಿ ಮೂರು ದಿನ ಮೀರಿದರೆ ಉಪಾಧ್ಯಾಯರೊಬ್ಬರು ಲೈನುಮನೆಗೆ ಹೋಗಿ ಬರುವುದು. ಮೂರು, ಹೊಸದಾಗಿ ಬಂದ ಮಕ್ಕಳಿಗೆ ಕನ್ನಡ ಕಲಿಸುವುದು. ಅಸ್ಸಾಮಿನಿಂದಲೂ ಕೂಲಿಗಾರರು ಈ ತೋಟಗಳಿಗೆ ಬರುತ್ತಿರುವುದರಿಂದ, ಮಾಧ್ಯಮ ಕನ್ನಡವೋ ಇಂಗ್ಲಿಷೋ ಎಂಬ ನಮ್ಮ ಜಗಳ ತಿಳಿಯದ, ಎರಡೂ ಬಾರದ ಮಕ್ಕಳು ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತಿದ್ದಾರೆ.

ಕನ್ನಡ ವಿಭಾಗ ಉಳಿಯುತ್ತದೆಯೆ? ಆ ತೀರ್ಮಾನ ಅಂದು ಆಗಲಿಲ್ಲ. ಎರಡು ವರ್ಷ ಮುಚ್ಚುವ ಮಾತಿಲ್ಲ, ಅಷ್ಟರಲ್ಲಿ ಬಿಟ್ಟುಹೋದ ಪ್ರತಿಯೊಂದು ಮಗುವಿನ ಹೆಸರನ್ನೂ ಕಾರಣವನ್ನೂ ಬರೆಯೋಣ, ಆಮೇಲೆ ನಿರ್ಧರಿಸೋಣ ಎಂದು ಗೊತ್ತುಮಾಡಿದರು. ಲೆಕ್ಕದವರ ಮುಖದಲ್ಲಿ ಚಿಂತೆ ಉಳಿದೇ ಇತ್ತು. ಅವರ ಚಿಂತೆ ಸುಳ್ಳಲ್ಲವಾದ್ದರಿಂದ ಅದು ಉಳಿದದ್ದೂ ಒಳ್ಳೆಯದೇ. ಹೊಸ ಸಭಾಂಗಣದ ಪ್ರಸ್ತಾಪ ಮಾತ್ರ ಕೊನೆಯ ಸಾಲಿಗೆ ಹೋಯಿತು.

ಹಿಂತಿರುಗುವಾಗ ನಾನು ಹಾಸನದ ಬಳಿಯ ಶೆಟ್ಟಿಹಳ್ಳಿಗೆ ಹೋಗಿದ್ದೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ದೇವಾಲಯ ಅಲ್ಲಿದೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟಾದ ಮೇಲೆ ಅದು ಮಳೆಗಾಲದಲ್ಲಿ ಹಿನ್ನೀರಿನಲ್ಲಿ ಮುಳುಗುತ್ತದೆ, ಬೇಸಗೆಯಲ್ಲಿ ಮೇಲೇಳುತ್ತದೆ. ಭಕ್ತರು ಬೇರೆಡೆಗೆ ಹೋಗಿ ನೆಲೆಸಿದರು. ಕಟ್ಟಡ ಎಷ್ಟೇ ಭವ್ಯವಾಗಿರಲಿ, ಜನ ಎದ್ದುಹೋದ ಮೇಲೆ ಅದು ಪ್ರವಾಸಿಗಳು ನಿಂತು ನೋಡುವ ಗೋಡೆ. ಶಾಲೆಗೂ ಇದೇ ಮಾತು ಎಂದು ಅಲ್ಲಿ ನಿಂತಾಗ ಅನ್ನಿಸಿತು.

ವಾಚಕರಲ್ಲಿ ಬಹಳ ಮಂದಿ ಮುಂದಿನ ತಿಂಗಳುಗಳಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸಲು ಓಡಾಡುವಿರಿ. ಶೇಕಡಾ ಎಷ್ಟು ಬಂತು ಎಂದು ಕೇಳಿಯೇ ಕೇಳುವಿರಿ, ಕೇಳಿ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: "ಕಳೆದ ವರ್ಷ ನಿಮ್ಮ ಶಾಲೆಯನ್ನು ಬಿಟ್ಟುಹೋದ ಮಕ್ಕಳು ಯಾರು, ಏತಕ್ಕೆ ಹೋದರು?" ಉತ್ತರ ಹೇಳಬಲ್ಲ ಶಾಲೆ ನಿಮ್ಮ ಮಗುವನ್ನೂ ಹೆಸರು ಹಿಡಿದು ಬಲ್ಲದೆಂದು ನಂಬಬಹುದು.